ಶೋನೆನ್, ಶೋಜೋ, ಸೇನೆನ್, ಜೋಸೇ: ಪದೇ ಪದೇ ಕೇಳುವ ಪ್ರಶ್ನೆಗಳು

ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಬಗ್ಗೆ ಮಾತು ಶುರುವಾದರೆ ಈ ನಾಲ್ಕು ಹೆಸರು ಬಂದೇ ಬರುತ್ತವೆ. ಜಗಳವೂ ಅಲ್ಲಿಂದಲೇ ಶುರು. 'ಇಷ್ಟು ಕ್ರೂರವಾಗಿದೆ, ಇದು ಶೋನೆನ್ ಆಗೋಕೆ ಸಾಧ್ಯವೇ ಇಲ್ಲ' ಅಂತ ಒಬ್ಬರು. 'ಅದು ಹುಡುಗಿಯರದ್ದು, ನಾನು ನೋಡಲ್ಲ' ಅಂತ ಇನ್ನೊಬ್ಬರು. ಇಂಥ ಮಾತು ಕೇಳಿದಾಗಲೆಲ್ಲ ಒಳ್ಳೆಯ ಕಥೆಯೊಂದು ಅವರ ಕೈ ತಪ್ಪಿಹೋಯಿತಲ್ಲ ಅಂತ ಬೇಜಾರಾಗುತ್ತದೆ. ಹೊಸಬರು ಜಾಸ್ತಿ ಕೇಳುವ ಪ್ರಶ್ನೆಗಳನ್ನೂ ಅವುಗಳಿಗೆ ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇವೆ.

ಈ ನಾಲ್ಕು ಹೆಸರುಗಳ ಅರ್ಥ ಏನು?

ಶೋನೆನ್ ಅಂದರೆ ಹುಡುಗರಿಗೆ. ಶೋಜೋ ಅಂದರೆ ಹುಡುಗಿಯರಿಗೆ. ಎರಡೂ ಹೆಚ್ಚುಕಮ್ಮಿ ಹೈಸ್ಕೂಲು, ಪಿಯುಸಿ ವಯಸ್ಸಿನವರನ್ನು ಮನಸ್ಸಿನಲ್ಲಿಟ್ಟುಕೊಂಡವು. ಸೇನೆನ್ ಅಂದರೆ ಯುವಕರಿಗೆ ಮತ್ತು ದೊಡ್ಡ ಗಂಡಸರಿಗೆ. ಜೋಸೇ ಅಂದರೆ ದೊಡ್ಡ ಹೆಂಗಸರಿಗೆ. ಐದನೆಯದೊಂದು ಇದೆ, ಕೊದೊಮೊ. ಅದು ಚಿಕ್ಕ ಮಕ್ಕಳಿಗೆ.

ಅಂದರೆ ಇವು ಕಥೆಯ ಪ್ರಕಾರಗಳು ತಾನೇ? ಆಕ್ಷನ್, ಕಾಮಿಡಿ, ಹಾರರ್ ಇದ್ದ ಹಾಗೆ?

ಅಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಆಕ್ಷನ್, ಹಾರರ್, ಪ್ರೇಮಕಥೆ ಅನ್ನುವ ಹೆಸರುಗಳು ಕಥೆಯೊಳಗೆ ಏನಿದೆ ಅಂತ ಹೇಳುತ್ತವೆ. ಶೋನೆನ್, ಶೋಜೋ ಅನ್ನುವ ಹೆಸರುಗಳು ಆ ಕಥೆಯನ್ನು ಮೊದಲು ಯಾರಿಗೆ ಮಾರಿದರು ಅಂತ ಹೇಳುತ್ತವೆ. ಬಹುಪಾಲು ಅನಿಮೆಗೆ ಮೂಲ ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್. ಆ ಮಾಂಗಾ ಮೊದಲು ಯಾವುದೋ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿರುತ್ತದೆ, ಆಮೇಲೆ ಪುಸ್ತಕವಾಗುತ್ತದೆ. ನಮ್ಮ ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಕಂತು ಕಂತಾಗಿ ಬಂದು ಆಮೇಲೆ ಪುಸ್ತಕವಾಗುತ್ತಿದ್ದವಲ್ಲ, ಹಾಗೆಯೇ. ಆ ಪತ್ರಿಕೆ ಹುಡುಗರ ಪತ್ರಿಕೆಯಾಗಿದ್ದರೆ ಅದರಲ್ಲಿ ಬಂದಿದ್ದೆಲ್ಲ ಶೋನೆನ್. ಒಳಗಿನ ಕಥೆ ಅಡುಗೆಯದ್ದಿರಲಿ, ಕೊಲೆಯದ್ದಿರಲಿ, ಪ್ರೀತಿಯದ್ದಿರಲಿ, ಲೇಬಲ್ ಬದಲಾಗುವುದಿಲ್ಲ.

ಈ ಒಂದು ವಿಷಯ ತಲೆಯಲ್ಲಿ ಕೂತರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಪತ್ರಿಕೆಗೆ ಯಾಕೆ ಇಷ್ಟೊಂದು ಮಹತ್ವ?

ಜಪಾನಿನಲ್ಲಿ ಮಾಂಗಾ ಬೆಳೆದಿದ್ದೇ ಪತ್ರಿಕೆಗಳಿಂದ. 1959ರ ಮಾರ್ಚ್ 17ರಂದು, ಒಂದೇ ದಿನ, ಎರಡು ವಾರಪತ್ರಿಕೆಗಳು ಅಂಗಡಿಗೆ ಬಂದವು: ಕೋದಾನ್ಶಾ ಪ್ರಕಾಶನದ ಶೋನೆನ್ ಮ್ಯಾಗಜಿನ್ ಮತ್ತು ಶೋಗಾಕುಕಾನ್ ಪ್ರಕಾಶನದ ಶೋನೆನ್ ಸಂಡೇ. 1968ರಲ್ಲಿ ಶೂಯೇಶಾ ಪ್ರಕಾಶನ ಶೋನೆನ್ ಜಂಪ್ ಶುರು ಮಾಡಿತು. ಹುಡುಗಿಯರ ಕಡೆ ಅದಕ್ಕೂ ಮೊದಲೇ ನಕಾಯೋಶಿ ಮತ್ತು ರಿಬೊನ್ ಇದ್ದವು, 1963ರಲ್ಲಿ ಮಾರ್ಗರೆಟ್ ಬಂತು. ಆ ಹುಡುಗರು ಬೆಳೆದು ಕೆಲಸಕ್ಕೆ ಸೇರಿದ ಮೇಲೂ ಮಾಂಗಾ ಬಿಡಲಿಲ್ಲ. ಅವರಿಗಾಗಿ ಬಿಗ್ ಕಾಮಿಕ್, ಯಂಗ್ ಜಂಪ್, ಮಾರ್ನಿಂಗ್, ಆಫ್ಟರ್‌ನೂನ್ ಹುಟ್ಟಿಕೊಂಡವು. ಹುಡುಗಿಯರೂ ಬೆಳೆದರು. ಬಿ ಲವ್, ಕಿಸ್, ಫೀಲ್ ಯಂಗ್ ಬಂದವು. ಈ ನಾಲ್ಕು ಲೇಬಲ್‌ಗಳು ಹುಟ್ಟಿದ ಕಥೆ ಇಷ್ಟೇ. ಓದುಗರು ಬೆಳೆದ ಹಾಗೆ ಪ್ರಕಾಶಕರು ಅವರ ಹಿಂದೆ ಹೋದರು.

ಜಂಪ್ ಪತ್ರಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಟ್ಟಿಗೆಯಷ್ಟು ದಪ್ಪ. ಅಗ್ಗದ ಒರಟು ಕಾಗದ. ಒಂದೇ ಸಂಚಿಕೆಯಲ್ಲಿ ಇಪ್ಪತ್ತರ ಹತ್ತಿರ ಧಾರಾವಾಹಿಗಳು, ಪ್ರತಿಯೊಂದಕ್ಕೂ ಹತ್ತೊಂಬತ್ತು-ಇಪ್ಪತ್ತು ಪುಟ. ಜೊತೆಗೊಂದು ಪೋಸ್ಟ್‌ಕಾರ್ಡ್. ಈ ವಾರ ಹಿಡಿಸಿದ ಮೂರು ಕಥೆ ಯಾವುವು ಅಂತ ಬರೆದು ಓದುಗರು ಅದನ್ನು ವಾಪಸ್ ಕಳಿಸುತ್ತಿದ್ದರು. ಪಟ್ಟಿಯಲ್ಲಿ ಕೆಳಗೇ ಉಳಿದ ಕಥೆಯನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಿಬಿಡುತ್ತಿದ್ದರು. ಗೆಳೆತನ, ಪರಿಶ್ರಮ, ಗೆಲುವು ಅನ್ನುವುದು ಆ ಪತ್ರಿಕೆಯ ಮೂರು ಮಂತ್ರ. 1994ರ ಕೊನೆಯಲ್ಲಿ ಅದರ ಒಂದು ಸಂಚಿಕೆ 65 ಲಕ್ಷಕ್ಕೂ ಜಾಸ್ತಿ ಪ್ರತಿ ಅಚ್ಚಾಯಿತು. ಇಂಥ ಪತ್ರಿಕೆಗೆ ಬರೆಯುವವರು ಓದುಗ ಯಾರು ಅನ್ನುವುದನ್ನು ಒಂದು ವಾರವೂ ಮರೆಯುವ ಹಾಗಿಲ್ಲ.

ಪುಟದ ಮೇಲೆಯೇ ಕಾಣುವ ಇನ್ನೊಂದು ಗುರುತು ಇದೆ. ಜಪಾನಿ ಬರಹದಲ್ಲಿ ಕಾಂಜಿ ಅನ್ನುವ ಕಷ್ಟದ ಅಕ್ಷರಗಳಿವೆ. ಮಕ್ಕಳಿಗೆ ಎಲ್ಲವೂ ಬರುವುದಿಲ್ಲ. ಅದಕ್ಕೇ ಶೋನೆನ್, ಶೋಜೋ ಪತ್ರಿಕೆಗಳಲ್ಲಿ ಪ್ರತಿ ಕಾಂಜಿ ಪಕ್ಕದಲ್ಲೂ ಅದನ್ನು ಓದುವ ರೀತಿಯನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಅದಕ್ಕೆ ಫುರಿಗಾನಾ ಅಂತ ಹೆಸರು. ದೊಡ್ಡವರ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಇದನ್ನು ಕಷ್ಟದ ಪದಗಳಿಗೆ ಮಾತ್ರ ಹಾಕುತ್ತಾರೆ. ಎಲ್ಲಾ ಕಡೆ ಇದೇ ಕಟ್ಟುನಿಟ್ಟಿನ ನಿಯಮ ಅಂತಲ್ಲ, ಆದರೂ ಪತ್ರಿಕೆ ಯಾರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದೆ ಅಂತ ಇದರಿಂದ ಗೊತ್ತಾಗುತ್ತದೆ.

ಡೆತ್ ನೋಟ್, ಅಟ್ಯಾಕ್ ಆನ್ ಟೈಟನ್ ಇಷ್ಟು ಭಯಂಕರವಾಗಿವೆ. ಇವು ಸೇನೆನ್ ಅಲ್ವಾ?

ಎರಡೂ ಶೋನೆನ್. ಡೆತ್ ನೋಟ್ 2003ರಿಂದ 2006ರವರೆಗೆ ಶೋನೆನ್ ಜಂಪ್‌ನಲ್ಲೇ ಬಂತು, ಕಡಲುಗಳ್ಳರ ಮತ್ತು ನಿಂಜಾಗಳ ಕಥೆಗಳ ಪಕ್ಕದಲ್ಲಿ. ಅಟ್ಯಾಕ್ ಆನ್ ಟೈಟನ್ 2009ರಿಂದ 2021ರವರೆಗೆ ಬೆಸ್ಸಾತ್ಸು ಶೋನೆನ್ ಮ್ಯಾಗಜಿನ್ ಅನ್ನುವ ಮಾಸಪತ್ರಿಕೆಯಲ್ಲಿ ಬಂತು.

ಹದಿಹರೆಯದವರಿಗೆ ಗಂಭೀರ ವಿಷಯ ಬೇಡ ಅನ್ನುವುದು ನಮ್ಮ ಊಹೆ, ಜಪಾನಿನ ಸಂಪಾದಕರದ್ದಲ್ಲ. ಸಾವು, ಅಪರಾಧ, ಯುದ್ಧ, ನ್ಯಾಯ ಇವನ್ನೆಲ್ಲ ಹದಿನಾಲ್ಕರ ಹುಡುಗ ಯೋಚಿಸುತ್ತಾನೆ. ಯೋಚಿಸಬೇಕು ಕೂಡ.

ಒಂದೇ ಕಥೆ ಲೇಬಲ್ ಬದಲಾಯಿಸಿದ್ದೂ ಉಂಟು. ವಿನ್‌ಲ್ಯಾಂಡ್ ಸಾಗಾ 2005ರಲ್ಲಿ ವಾರಪತ್ರಿಕೆ ಶೋನೆನ್ ಮ್ಯಾಗಜಿನ್‌ನಲ್ಲಿ ಶುರುವಾಯಿತು. ವಾರ ವಾರ ಬರೆದು ಪೂರೈಸುವುದು ಕಷ್ಟವಾಗಿ ಅದೇ ವರ್ಷದ ಕೊನೆಗೆ ಮಾಸಪತ್ರಿಕೆ ಆಫ್ಟರ್‌ನೂನ್‌ಗೆ ಹೋಯಿತು. ಆಫ್ಟರ್‌ನೂನ್ ಸೇನೆನ್ ಪತ್ರಿಕೆ. ನಾಯಕ ಥೋರ್‌ಫಿನ್ ಅದೇ, ಸಮುದ್ರ ಅದೇ, ಸೇಡೂ ಅದೇ. ಲೇಬಲ್ ಮಾತ್ರ ಬದಲಾಯಿತು. ಹೊಸ ಜಾಗದಲ್ಲಿ ಬರಹಗಾರರಿಗೆ ನಿಧಾನವಾಗಿ ಹೇಳುವ ಅವಕಾಶ ಸಿಕ್ಕಿತು ಅನ್ನುವುದೂ ನಿಜ. ಹೊಲದಲ್ಲಿ ದುಡಿಯುವ ಭಾಗ ಅಷ್ಟು ಸಾವಧಾನವಾಗಿ ಬೆಳೆದಿರುವುದಕ್ಕೆ ಆ ಬದಲಾವಣೆಯೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಕಥೆಯ ತುಂಬಾ ಹುಡುಗಿಯರೇ ಇದ್ದರೆ ಅದು ಶೋಜೋ ತಾನೇ?

ಹಾಗೇನಿಲ್ಲ. ಎಷ್ಟೋ ಸಲ ಉಲ್ಟಾ.

ಕೆ-ಆನ್! ನೋಡಿ. ಹೈಸ್ಕೂಲು ಹುಡುಗಿಯರು, ಸಂಗೀತ, ಟೀ, ಕೇಕು. ಗಂಡು ಪಾತ್ರಗಳೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಅದು ಬಂದಿದ್ದು ಮಾಂಗಾ ಟೈಮ್ ಕಿರಾರಾ ಅನ್ನುವ ಪತ್ರಿಕೆಯಲ್ಲಿ. ಅದರ ಮುಖ್ಯ ಓದುಗರು ದೊಡ್ಡ ಗಂಡಸರು. 2009ರಲ್ಲಿ ಅನಿಮೆ ಆದಾಗಲೂ ಪ್ರಸಾರವಾಗಿದ್ದು ನಡುರಾತ್ರಿ ದಾಟಿದ ಮೇಲೆ. ಮುದ್ದು ಹುಡುಗಿಯರ ದಿನಚರಿ ತೋರಿಸುವ ಇಂಥ ಸರಣಿಗಳು ಬಹುತೇಕ ಸೇನೆನ್ ಗುಂಪಿಗೆ ಸೇರುತ್ತವೆ.

ಈಗ ಇನ್ನೊಂದು ಕಡೆ. ನತ್ಸುಮೆಸ್ ಬುಕ್ ಆಫ್ ಫ್ರೆಂಡ್ಸ್ ಸರಣಿಯ ನಾಯಕ ಒಬ್ಬ ಹುಡುಗ. ಅವನಿಗೆ ದೆವ್ವ, ಯಕ್ಷರಂಥ ಯೋಕಾಯ್‌ಗಳು ಕಾಣಿಸುತ್ತವೆ. ಅಜ್ಜಿ ಬಿಟ್ಟುಹೋದ ಪುಸ್ತಕದಲ್ಲಿ ಅವುಗಳ ಹೆಸರುಗಳಿವೆ, ಒಂದೊಂದಾಗಿ ಹಿಂದಿರುಗಿಸುತ್ತಾನೆ. ಪ್ರೇಮಕಥೆ ಇಲ್ಲವೇ ಇಲ್ಲ ಅನ್ನಬಹುದು. ಇದು ಶೋಜೋ, ಲಾಲಾ ಪತ್ರಿಕೆಯದ್ದು. ನ್ಯೂಯಾರ್ಕಿನ ಗ್ಯಾಂಗುಗಳು, ಬಂದೂಕು, ಮಾದಕ ವಸ್ತುವಿನ ಸುತ್ತ ನಡೆಯುವ ಬನಾನಾ ಫಿಶ್ ಕೂಡ ಶೋಜೋ. 1985ರಿಂದ 1994ರವರೆಗೆ ಬೆಸ್ಸಾತ್ಸು ಶೋಜೋ ಕಾಮಿಕ್‌ನಲ್ಲಿ ಬಂತು. 2018ರ ಅನಿಮೆ ನೋಡಿ ಎಷ್ಟೋ ಜನ ಅದನ್ನು ಸೇನೆನ್ ಅಂದುಕೊಂಡರು.

ತೆರೆಯ ಮೇಲೆ ಯಾರಿದ್ದಾರೆ ಅನ್ನುವುದು ಒಂದು, ತೆರೆಯ ಮುಂದೆ ಯಾರನ್ನು ಕೂರಿಸಬೇಕು ಅಂತ ಮಾಡಿದರು ಅನ್ನುವುದು ಇನ್ನೊಂದು. ಎರಡನ್ನೂ ಬೆರೆಸಬೇಡಿ.

ಶೋಜೋ ಅಂದರೆ ಬರೀ ಲವ್ ಸ್ಟೋರಿ ಅಂತಾರಲ್ಲ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಮಾಂಗಾ ಇತಿಹಾಸದಲ್ಲಿ ಶೋಜೋಗೆ ಆದಷ್ಟು ಅನ್ಯಾಯ ಬೇರೆ ಯಾವುದಕ್ಕೂ ಆಗಿಲ್ಲ.

ತೆಜುಕಾ ಒಸಾಮು 1953ರಲ್ಲಿ ಶೋಜೋ ಕ್ಲಬ್ ಪತ್ರಿಕೆಗೆ ಪ್ರಿನ್ಸೆಸ್ ನೈಟ್ ಬರೆಯಲು ಶುರು ಮಾಡಿದರು. ರಾಜಕುಮಾರಿ ಸಫೈರ್ ಗಂಡು ವೇಷದಲ್ಲಿ ಕತ್ತಿ ಹಿಡಿದು ರಾಜ್ಯ ಉಳಿಸುವ ಕಥೆ. ಆ ಕಾಲದಲ್ಲಿ ಹುಡುಗಿಯರ ಮಾಂಗಾ ಬರೆಯುತ್ತಿದ್ದವರಲ್ಲಿ ಗಂಡಸರೇ ಜಾಸ್ತಿ. 1970ರ ದಶಕದಲ್ಲಿ ಅದು ಬದಲಾಯಿತು. ಹಾಗಿಯೊ ಮೊತೊ, ತಾಕೆಮಿಯಾ ಕೇಕೊ, ಓಶಿಮಾ ಯುಮಿಕೊ ಮತ್ತು ಅವರ ಓರಗೆಯ ಹೆಣ್ಣುಮಕ್ಕಳು ಬಂದರು. ಇವರನ್ನು '24ರ ಗುಂಪು' ಅಂತ ಕರೆಯುತ್ತಾರೆ. ಜಪಾನಿ ಪಂಚಾಂಗದ ಶೋವಾ 24, ಅಂದರೆ 1949ರ ಆಸುಪಾಸಿನಲ್ಲಿ ಹುಟ್ಟಿದವರು ಅಂತ. ಹಾಗಿಯೊ 1975ರಲ್ಲಿ ಬಾಹ್ಯಾಕಾಶ ನೌಕೆಯೊಂದರ ಸಸ್ಪೆನ್ಸ್ ಕಥೆ ಬರೆದರು: ಹತ್ತು ಜನ ಇರಬೇಕಾದ ನೌಕೆಯಲ್ಲಿ ಹನ್ನೊಂದು ಜನ ಇದ್ದಾರೆ, ಹೊರಗಿನವರು ಯಾರು? ಹೆಣ್ಣು-ಗಂಡು ಅನ್ನುವ ವಿಂಗಡಣೆಯನ್ನೇ ಆ ಕಥೆ ಪ್ರಶ್ನಿಸುತ್ತದೆ. ಬಂದಿದ್ದು ಹುಡುಗಿಯರ ಪತ್ರಿಕೆಯಲ್ಲಿ.

1972ರಲ್ಲಿ ಇಕೆದಾ ರಿಯೊಕೊ ಮಾರ್ಗರೆಟ್ ಪತ್ರಿಕೆಯಲ್ಲಿ ದಿ ರೋಸ್ ಆಫ್ ವರ್ಸೈ ಶುರು ಮಾಡಿದರು. ಫ್ರೆಂಚ್ ಕ್ರಾಂತಿಯ ಕಥೆ. ಇತಿಹಾಸದ ವಿಷಯ ಹುಡುಗಿಯರಿಗೆ ಹಿಡಿಸುವುದಿಲ್ಲ ಅನ್ನುವ ಅನುಮಾನ ಪ್ರಕಾಶಕರ ಕಡೆ ಇತ್ತು. ನಡೆದಿದ್ದೇ ಬೇರೆ. ಗಂಡಿನಂತೆ ಬೆಳೆದು ಅರಮನೆಯ ಕಾವಲು ಪಡೆಯ ಮುಖ್ಯಸ್ಥೆಯಾದ ಆಸ್ಕರ್ ಅನ್ನುವ ಪಾತ್ರಕ್ಕೆ ಇಡೀ ಜಪಾನಿನ ಹುಡುಗಿಯರು ಮನಸೋತರು. 1974ರಲ್ಲಿ ಹೆಂಗಸರೇ ಎಲ್ಲ ಪಾತ್ರ ಮಾಡುವ ತಕರಾಜುಕಾ ತಂಡ ಅದನ್ನು ರಂಗಕ್ಕೆ ತಂದಿತು. 1979ರಲ್ಲಿ ಅನಿಮೆ ಆಯಿತು.

ಈ ಬರಹಗಾರ್ತಿಯರು ಪುಟವನ್ನೇ ಬದಲಾಯಿಸಿದರು. ಒಂದು ಶೋಜೋ ಪುಟವನ್ನು ತೆರೆದು ನೋಡಿ. ಚೌಕಟ್ಟಿನ ಗೆರೆಗಳು ಅಲ್ಲಲ್ಲಿ ಮಾಯವಾಗಿರುತ್ತವೆ. ನಾಯಕಿ ಮೂರು-ನಾಲ್ಕು ಚೌಕಗಳ ಮೇಲೆ ಹಾದು ಪುಟದ ಉದ್ದಕ್ಕೂ ನಿಂತಿರುತ್ತಾಳೆ. ಅವಳ ಮನಸ್ಸಿನ ಮಾತು ಬಲೂನಿನೊಳಗೆ ಇರುವುದಿಲ್ಲ, ಖಾಲಿ ಬಿಳಿ ಜಾಗದಲ್ಲಿ ಎರಡೆರಡೇ ಸಾಲಾಗಿ ಹರಡಿರುತ್ತದೆ. ಹಿಂದೆ ಕೋಣೆಯೋ ಬೀದಿಯೋ ಇರಬೇಕಾದಲ್ಲಿ ಹೂವು, ಗರಿ, ಬೆಳಕಿನ ಚುಕ್ಕಿ. ಓದುವವರಿಗೆ ಅವಳು ಎಲ್ಲಿದ್ದಾಳೆ ಅನ್ನುವುದಕ್ಕಿಂತ ಅವಳ ಒಳಗೆ ಏನಾಗುತ್ತಿದೆ ಅನ್ನುವುದು ಮೊದಲು ತಲುಪುತ್ತದೆ. ಇವತ್ತು ಯಾವ ಅನಿಮೆಯಲ್ಲಾದರೂ ಪಾತ್ರ ಸುಮ್ಮನೆ ನಿಂತು ಮನಸ್ಸಿನಲ್ಲೇ ಮಾತಾಡುವಾಗ ಹಿನ್ನೆಲೆ ಕರಗಿಹೋದರೆ, ಅದರ ಹಿಂದೆ ಶೋಜೋ ಪುಟದ ಸಾಲ ಇದೆ.

ಆಮೇಲೆ ಸೈಲರ್ ಮೂನ್. ತಾಕೆಉಚಿ ನಾಓಕೊ ಅವರ ಮಾಂಗಾ ನಕಾಯೋಶಿಯಲ್ಲಿ, ಅನಿಮೆ 1992ರ ಮಾರ್ಚ್‌ನಿಂದ. ಬಣ್ಣಬಣ್ಣದ ಉಡುಪಿನ ವೀರರ ತಂಡ ಅನ್ನುವುದು ಅಲ್ಲಿಯವರೆಗೆ ಹುಡುಗರ ಟಿವಿ ಸರಣಿಗಳ ಸೊತ್ತಾಗಿತ್ತು. ಅದನ್ನು ಐದು ಹುಡುಗಿಯರ ಕೈಗೆ ಕೊಟ್ಟರು. 200 ಎಪಿಸೋಡ್ ನಡೆಯಿತು. ಜಗಳ, ಸಾವು, ತ್ಯಾಗ, ಗೆಳೆತನ ಎಲ್ಲವೂ ಇದೆ. ಪ್ರೀತಿಯೂ ಇದೆ. ಪ್ರೀತಿ ಇದ್ದ ಮಾತ್ರಕ್ಕೆ ಒಂದು ಕಥೆ ಹಗುರ ಅನ್ನುವುದಾದರೆ ನಮ್ಮ ಕಾವ್ಯಗಳಲ್ಲಿ ಎಷ್ಟು ಉಳಿಯುತ್ತವೆ ಹೇಳಿ.

ಸೇನೆನ್ ಅಂದರೆ ರಕ್ತ ಮತ್ತು ಸೆಕ್ಸ್ ಜಾಸ್ತಿ ಅಂತ ಅರ್ಥನಾ?

ಇರಬಹುದು, ಇಲ್ಲದೆಯೂ ಇರಬಹುದು. ಯಂಗ್ ಅನಿಮಲ್ ಅನ್ನುವ ಒಂದೇ ಪತ್ರಿಕೆಯಲ್ಲಿ ಬರ್ಸರ್ಕ್ ಬಂತು, ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್ ಕೂಡ ಬಂತು. ಮೊದಲನೆಯದರಲ್ಲಿ ರಕ್ತ ಹರಿಯುತ್ತದೆ. ಎರಡನೆಯದು ಒಂಟಿ ಹುಡುಗನೊಬ್ಬ ಶೋಗಿ (ಜಪಾನಿ ಚದುರಂಗ) ಆಡುತ್ತಾ, ಸೇತುವೆಯಾಚೆಯ ಮೂವರು ಅಕ್ಕತಂಗಿಯರ ಮನೆಯ ಊಟದಿಂದ ನಿಧಾನವಾಗಿ ಚೇತರಿಸಿಕೊಳ್ಳುವ ಕಥೆ. ಪ್ರೌಢ ಓದುಗರು ಅಂದರೆ ಪ್ರೌಢ ದುಃಖ, ಕೆಲಸ, ಸಂಬಂಧಗಳೂ ಸೇರುತ್ತವೆ.

ಜೋಸೇ ಅನಿಮೆ ಯಾಕೆ ಅಷ್ಟು ಕಡಿಮೆ?

ಹಣದ ಲೆಕ್ಕ. ರಾತ್ರಿ ಹೊತ್ತಿನ ಅನಿಮೆ ತುಂಬಾ ವರ್ಷ ನಿಂತಿದ್ದು ದುಬಾರಿ ಡಿಸ್ಕ್‌ಗಳು ಮತ್ತು ಗೊಂಬೆಗಳ ಮಾರಾಟದ ಮೇಲೆ. ಅದನ್ನು ಕೊಳ್ಳುವವರು ಗಂಡಸರು ಅಂತಲೇ ಹೂಡಿಕೆದಾರರು ಅಂದುಕೊಂಡಿದ್ದರು. ಕೆಲಸಕ್ಕೆ ಹೋಗುವ ಹೆಂಗಸರ ಕಥೆಗಳು ಅನಿಮೆ ಆಗುವ ಬದಲು ನಟರನ್ನು ಹಾಕಿದ ಟಿವಿ ಧಾರಾವಾಹಿ ಆಗುತ್ತಿದ್ದವು.

2005ರಲ್ಲಿ ಫುಜಿ ಟಿವಿ ನೊಯ್ಟಾಮಿನಾ ಅನ್ನುವ ರಾತ್ರಿಯ ಸ್ಲಾಟ್ ಶುರು ಮಾಡಿತು. ಅನಿಮೆಯನ್ನು ಅಷ್ಟಾಗಿ ನೋಡದ ಯುವತಿಯರನ್ನು ಸೆಳೆಯುವುದು ಅದರ ಗುರಿ. ಮೊದಲ ಸರಣಿ ಹನಿ ಅಂಡ್ ಕ್ಲೋವರ್. ಅದನ್ನು ಬರೆದ ಉಮಿನೊ ಚಿಕಾ ಅವರೇ ಆಮೇಲೆ ಯಂಗ್ ಅನಿಮಲ್‌ಗೆ ಹೋಗಿ ಆ ಶೋಗಿ ಹುಡುಗನ ಕಥೆ ಬರೆದರು. ಎರಡನ್ನೂ ಓದಿದರೆ ಒಬ್ಬರದ್ದೇ ಕೈ ಅಂತ ತಕ್ಷಣ ಗೊತ್ತಾಗುತ್ತದೆ, ಲೇಬಲ್ ಮಾತ್ರ ಬೇರೆ ಬೇರೆ. 2007ರಲ್ಲಿ ನೊಡಾಮೆ ಕಾಂತಾಬಿಲೆ ಬಂತು: ಶಾಸ್ತ್ರೀಯ ಸಂಗೀತ ಕಲಿಯುವ ಕಾಲೇಜು ಹುಡುಗ-ಹುಡುಗಿ, ಕಿಸ್ ಪತ್ರಿಕೆಯದ್ದು.

ಜೋಸೇಯಿಂದ ಶುರು ಮಾಡಬೇಕು ಅನ್ನುವವರಿಗೆ ಚಿಹಾಯಾಫುರು ನೋಡಿ ಅನ್ನುತ್ತೇನೆ. ಬಿ ಲವ್ ಪತ್ರಿಕೆಯಲ್ಲಿ 2007ರಿಂದ 2022ರವರೆಗೆ ಬಂತು, ಅನಿಮೆ 2011ರಿಂದ. ನೂರು ಹಳೆಯ ಕವಿತೆಗಳ ಕಾರ್ಡುಗಳಲ್ಲಿ ಐವತ್ತನ್ನು ನೆಲದ ಮೇಲೆ ಹರಡಿ, ಓದುವವರು ಮೊದಲ ಅಕ್ಷರ ಹೇಳುವಷ್ಟರಲ್ಲೇ ಸರಿಯಾದ ಕಾರ್ಡನ್ನು ಹೊಡೆದು ಹಾರಿಸುವ ಕರುತಾ ಆಟದ ಕಥೆ. ತರಬೇತಿ, ಸೋಲು, ಎದುರಾಳಿಯ ಮೇಲಿನ ಗೌರವ ಇವೆಲ್ಲ ಯಾವ ಕ್ರೀಡಾ ಶೋನೆನ್‌ಗೂ ಕಡಿಮೆ ಇಲ್ಲ. ಗಮನಿಸಿ, ಇದಕ್ಕೆ 2011ರ ಕೋದಾನ್ಶಾ ಮಾಂಗಾ ಪ್ರಶಸ್ತಿ ಬಂದಿದ್ದು ಶೋಜೋ ವಿಭಾಗದಲ್ಲಿ. ಆ ಪ್ರಶಸ್ತಿಯಲ್ಲಿ ಜೋಸೇಗೆ ಅಂತ ಪ್ರತ್ಯೇಕ ವಿಭಾಗವೇ ಇಲ್ಲ. ಜಪಾನಿನಲ್ಲೂ ಗಡಿಗಳು ಅಷ್ಟೊಂದು ಗಟ್ಟಿಯಾಗಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ಶೋನೆನ್ ಬರೆಯುವವರು ಗಂಡಸರು, ಶೋಜೋ ಬರೆಯುವವರು ಹೆಂಗಸರು ಅಲ್ವಾ?

ಶೋಜೋದಲ್ಲಿ ಈಗ ಬಹುಪಾಲು ಹೆಂಗಸರೇ. ಶೋನೆನ್‌ನಲ್ಲಿ ಹಾಗಿಲ್ಲ. ಫುಲ್‌ಮೆಟಲ್ ಆಲ್ಕೆಮಿಸ್ಟ್ ಬರೆದ ಅರಕಾವಾ ಹಿರೊಮು ಹೆಣ್ಣುಮಗಳು, ಹೊಕ್ಕೈದೊದ ಹೈನುಗಾರಿಕೆ ಮಾಡುವ ಮನೆಯವರು. ಅವರ ನಿಜ ಹೆಸರು ಹಿರೊಮಿ. ಹಿರೊಮು ಅನ್ನುವುದು ಗಂಡಿನ ಹೆಸರಿನಂತೆ ಕೇಳುವ ಕಾವ್ಯನಾಮ. ಇನುಯಾಶಾ, ರನ್ಮಾ ಬರೆದ ತಾಕಾಹಾಶಿ ರುಮಿಕೊ 1978ರಿಂದ ಶೋನೆನ್ ಸಂಡೇಯಲ್ಲಿ ಬರೆಯುತ್ತಿದ್ದಾರೆ. ಬ್ಲೂ ಎಕ್ಸಾರ್ಸಿಸ್ಟ್‌ನ ಕಾತೊ ಕಾಜುಎ, ಡಿ.ಗ್ರೇ-ಮ್ಯಾನ್‌ನ ಹೊಶಿನೊ ಕಾತ್ಸುರಾ ಕೂಡ ಹೆಂಗಸರು. ಹುಡುಗರು ಓದಿ ಬೆಳೆದ ಎಷ್ಟೋ ಕಥೆಗಳನ್ನು ಹೆಂಗಸರು ಬರೆದಿದ್ದಾರೆ ಅನ್ನುವುದನ್ನು ಜೋರಾಗಿಯೇ ಹೇಳಬೇಕು.

ಶೋನೆನ್ ನೋಡುವ ಹುಡುಗಿಯರು ಈಚೆಗೆ ಜಾಸ್ತಿ ಆದರಾ?

ಮೊದಲಿಂದಲೂ ಇದ್ದಾರೆ. 1980ರ ದಶಕದಲ್ಲಿ ಜಂಪ್‌ನಲ್ಲಿ ಫುಟ್‌ಬಾಲ್ ಕಥೆ ಕ್ಯಾಪ್ಟನ್ ತ್ಸುಬಾಸಾ ಬರುತ್ತಿದ್ದಾಗ ಅಭಿಮಾನಿಗಳ ಕಾಮಿಕೆಟ್ ಮೇಳದಲ್ಲಿ ಅದರ ಪಾತ್ರಗಳನ್ನು ಇಟ್ಟುಕೊಂಡು ಸ್ವಂತ ಪುಸ್ತಕ ಬರೆದು ಮಾರುತ್ತಿದ್ದವರಲ್ಲಿ ಹೆಂಗಸರದ್ದೇ ದೊಡ್ಡ ಪಾಲು. ಹೈಕ್ಯೂ!!, ಡೀಮನ್ ಸ್ಲೇಯರ್‌ಗಳಿಗೂ ಹೆಣ್ಣು ಅಭಿಮಾನಿಗಳು ಅಪಾರ. ಸಂಪಾದಕರಿಗೂ ಇದು ಗೊತ್ತು. ಪತ್ರಿಕೆಯ ಹೆಸರು ಬದಲಾಗಲಿಲ್ಲ, ಅಷ್ಟೇ.

ಶಿನ್‌ಚಾನ್ ಮಕ್ಕಳ ಕಾರ್ಟೂನ್ ಅಲ್ವಾ?

ನಮ್ಮ ಊರುಗಳಲ್ಲಿ ಒಂದು ಪೀಳಿಗೆಯೇ ಶಿನ್‌ಚಾನನ್ನು ಹಿಂದಿ ಡಬ್ಬಿಂಗ್‌ನಲ್ಲಿ ನೋಡಿ ಬೆಳೆಯಿತು. ಶಾಲೆ ಬಿಟ್ಟು ಬಂದು ನೋಡಿದವರಿಗೆ ಆಶ್ಚರ್ಯ ಆಗಬಹುದು, ಆ ಮಾಂಗಾ 1990ರಲ್ಲಿ ಶುರುವಾಗಿದ್ದು ವೀಕ್ಲಿ ಮಾಂಗಾ ಆಕ್ಷನ್ ಅನ್ನುವ ದೊಡ್ಡವರ ಪತ್ರಿಕೆಯಲ್ಲಿ. ಅಂದರೆ ಲೇಬಲ್ ಪ್ರಕಾರ ಸೇನೆನ್. ಮಗುವಿನ ಬಾಯಲ್ಲಿ ದೊಡ್ಡವರ ಸಂಸಾರದ ಗುಟ್ಟುಗಳು ಹೊರಬೀಳುವ ತಮಾಷೆ ಅದು, ಸಾಲ ತೀರಿಸುವ ಅಪ್ಪ-ಅಮ್ಮಂದಿರಿಗೆ ಬರೆದಿದ್ದು. 1992ರಲ್ಲಿ ಅನಿಮೆ ಆದ ಮೇಲೆ ಜಪಾನಿನಲ್ಲೂ ಮನೆಮಂದಿಯ ಕಾರ್ಯಕ್ರಮವಾಯಿತು. ಭಾರತದಲ್ಲಿ ಅದನ್ನು ಮಕ್ಕಳ ಚಾನೆಲ್‌ನಲ್ಲಿ ಹಾಕಿದರು. ಪೋಷಕರು ಮುಖ ಸಿಂಡರಿಸಿದ್ದಕ್ಕೆ ಕಾರಣ ಇತ್ತು ಅಂತ ಈಗ ಅರ್ಥವಾಗುತ್ತದೆ.

ಡೊರೆಮಾನ್ ಮಾತ್ರ ಅಪ್ಪಟ ಮಕ್ಕಳದ್ದು. 1970ರ ಜನವರಿ ಸಂಚಿಕೆಗಳಲ್ಲಿ ಶೋಗಾಕುಕಾನ್‌ನ ಆರು ಮಕ್ಕಳ ಪತ್ರಿಕೆಗಳಲ್ಲಿ ಒಟ್ಟಿಗೆ ಶುರುವಾಯಿತು. ಶಿಶುವಿಹಾರದ ಮಕ್ಕಳಿಗೆ ಬೇರೆ, ಒಂದನೇ ತರಗತಿಗೆ ಬೇರೆ, ನಾಲ್ಕನೇ ತರಗತಿಗೆ ಬೇರೆ ಪತ್ರಿಕೆ. ಆಯಾ ವಯಸ್ಸಿಗೆ ತಕ್ಕ ಹಾಗೆ ಬೇರೆ ಬೇರೆ ಕಥೆ ಬರೆಯುತ್ತಿದ್ದರು.

ಹಾಗಾದರೆ ಮಗುವಿಗೆ ತೋರಿಸಬಹುದಾ ಅಂತ ಲೇಬಲ್ ನೋಡಿ ತೀರ್ಮಾನಿಸಬಹುದಾ?

ದಯವಿಟ್ಟು ಬೇಡ. ಶೋನೆನ್ ಅಂತ ಇದೆ ಅಂದುಕೊಂಡು ಏಳು ವರ್ಷದ ಮಗುವಿಗೆ ಅಟ್ಯಾಕ್ ಆನ್ ಟೈಟನ್ ಹಾಕಿಕೊಟ್ಟರೆ ರಾತ್ರಿ ಯಾರಿಗೂ ನಿದ್ದೆ ಇರುವುದಿಲ್ಲ. ವಯಸ್ಸಿಗೆ ಸರಿಯಾ ಅನ್ನುವುದಕ್ಕೆ ಬೇರೆ ಗುರುತು ಇದೆ. ಭಾರತದ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಯು/ಎ 7+, ಯು/ಎ 13+, ಯು/ಎ 16+, ಎ ಅಂತ ಹಾಕಿರುತ್ತಾರೆ. ಅದನ್ನು ನೋಡಿ. ಆಮೇಲೆ ಒಂದೆರಡು ಎಪಿಸೋಡ್ ನೀವೇ ನೋಡಿ.

ಮಾಂಗಾ ಇಲ್ಲದೆ ನೇರವಾಗಿ ಮಾಡಿದ ಅನಿಮೆಗೆ ಯಾವ ಲೇಬಲ್?

ಕಟ್ಟುನಿಟ್ಟಾಗಿ ಹೇಳಿದರೆ ಯಾವುದೂ ಇಲ್ಲ. ಕೌಬಾಯ್ ಬೀಬಾಪ್, ಯುವರ್ ನೇಮ್ ಇವೆಲ್ಲ ಹೀಗೆ. ಇಂಥ ಕಡೆ ಪ್ರಸಾರದ ಹೊತ್ತು ಮತ್ತು ಜಾಹೀರಾತು ಕೊಡುವವರು ಯಾರು ಅಂತ ನೋಡಿದರೆ ಉದ್ದೇಶ ಗೊತ್ತಾಗುತ್ತದೆ.

ಎರಡು ಸರಣಿ ಹೋಲಿಸಿ. ಪ್ರೀಕ್ಯೂರ್ 2004ರಲ್ಲಿ ಶುರುವಾಯಿತು. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬರುತ್ತದೆ, ನಡುವೆ ಆಟಿಕೆಗಳ ಜಾಹೀರಾತು. ನೋಡುವವರು ಪುಟ್ಟ ಹುಡುಗಿಯರು. ಮೊದಲ ಸರಣಿಯ ನಿರ್ದೇಶಕರು ಡ್ರ್ಯಾಗನ್ ಬಾಲ್ ಸರಣಿಯಲ್ಲಿ ಕೆಲಸ ಮಾಡಿದ್ದ ನಿಶಿಯೊ ದೈಸುಕೆ. ಅದಕ್ಕೇ ಆ ಹುಡುಗಿಯರು ಮಾಯಾದಂಡ ಬೀಸುವುದಕ್ಕಿಂತ ಮುಷ್ಟಿಯಿಂದಲೇ ಜಾಸ್ತಿ ಹೊಡೆದಾಡುತ್ತಾರೆ. ಮಡೋಕಾ ಮ್ಯಾಜಿಕಾ 2011ರದ್ದು. ಅಲ್ಲೂ ಮಾಯಾಶಕ್ತಿಯ ಹುಡುಗಿಯರೇ, ಬಣ್ಣದ ಉಡುಪೇ. ಆದರೆ ಪ್ರಸಾರ ನಡುರಾತ್ರಿ ದಾಟಿದ ಮೇಲೆ, ಕಥೆ ಕತ್ತಲೆಯದ್ದು, ವೀಕ್ಷಕರು ದೊಡ್ಡವರು. ಚಿತ್ರ ನೋಡಿ ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿದರೆ ಪೆಟ್ಟು ತಿನ್ನುತ್ತೀರಿ.

ಲೈಟ್ ನಾವೆಲ್, ಅಂದರೆ ಹಗುರ ಓದಿನ ಕಾದಂಬರಿಗಳಿಂದ ಬಂದವುಗಳದ್ದು ಇನ್ನೊಂದು ತೊಡಕು. ದಿ ಅಪೋತೆಕರಿ ಡೈರೀಸ್ ಮೊದಲು ಇಂಟರ್ನೆಟ್‌ನಲ್ಲಿ ಬರೆದ ಕಾದಂಬರಿ. ಅದರ ಮಾಂಗಾ ಎರಡು ರೂಪದಲ್ಲಿ ಎರಡು ಬೇರೆ ಪ್ರಕಾಶಕರಿಂದ ಬಂತು, ಎರಡೂ ಸೇನೆನ್ ಪತ್ರಿಕೆಗಳಲ್ಲಿ. ಅಂತಃಪುರದಲ್ಲಿ ವಿಷ, ಮದ್ದು ಪತ್ತೆ ಮಾಡುವ ಮಾವ್‌ಮಾವ್‌ಳ ಕಥೆಯನ್ನು ಮುಗಿಬಿದ್ದು ನೋಡುವವರಲ್ಲಿ ಹೆಂಗಸರು ಎಷ್ಟು ಜನ ಅಂತ ಅಭಿಮಾನಿಗಳಿಗೆ ಗೊತ್ತೇ ಇದೆ.

ಇಸೆಕಾಯ್, ಹರೆಮ್, ಬಿಎಲ್, ಯೂರಿ ಇವೆಲ್ಲ ಎಲ್ಲಿ ಬರುತ್ತವೆ?

ಇಸೆಕಾಯ್ ಅಂದರೆ ಬೇರೆ ಲೋಕಕ್ಕೆ ಹೋಗಿಬಿಡುವವರ ಕಥೆ, ಹರೆಮ್ ಅಂದರೆ ಒಬ್ಬನ ಸುತ್ತ ಹಲವು ಹುಡುಗಿಯರಿರುವ ಕಥೆ. ಇವು ಕಥೆಯ ವಸ್ತುವಿಗೆ ಸೇರಿದವು, ಹಾಗಾಗಿ ನಾಲ್ಕರಲ್ಲಿ ಯಾವುದರ ಜೊತೆಗೂ ಬರಬಹುದು. ಬಿಎಲ್ ಮಾತ್ರ ಸ್ವಲ್ಪ ಬೇರೆ. ಗಂಡು-ಗಂಡಿನ ಪ್ರೀತಿಯ ಈ ಕಥೆಗಳು ಹುಟ್ಟಿದ್ದು 1970ರ ದಶಕದ ಶೋಜೋ ಪತ್ರಿಕೆಗಳಲ್ಲಿ, ಬರೆದವರೂ ಓದಿದವರೂ ಮುಖ್ಯವಾಗಿ ಹೆಂಗಸರು. ಈಗ ಅದಕ್ಕೆ ತನ್ನದೇ ಪತ್ರಿಕೆಗಳು, ತನ್ನದೇ ಕಪಾಟು ಇದೆ. ಹೆಣ್ಣು-ಹೆಣ್ಣಿನ ಪ್ರೀತಿಯ ಯೂರಿ ಎಲ್ಲಾ ಕಡೆ ಹರಡಿದೆ. ಬ್ಲೂಮ್ ಇಂಟು ಯು ಬಂದಿದ್ದು ಡೆಂಗೆಕಿ ಡಾಯ್‌ಒ ಅನ್ನುವ, ಗಂಡು ಓದುಗರೇ ಜಾಸ್ತಿ ಇರುವ ಪತ್ರಿಕೆಯಲ್ಲಿ.

ಈಗ ಎಲ್ಲರೂ ಮೊಬೈಲ್‌ನಲ್ಲಿ ಓದುತ್ತಾರೆ. ಲೇಬಲ್ ಇನ್ನೂ ಬೇಕಾ?

ಸಡಿಲವಾಗುತ್ತಿದೆ. ಸ್ಪೈ ಫ್ಯಾಮಿಲಿ 2019ರಲ್ಲಿ ಶುರುವಾಗಿದ್ದು ಶೋನೆನ್ ಜಂಪ್ ಪ್ಲಸ್ ಅನ್ನುವ ಆ್ಯಪ್‌ನಲ್ಲಿ. ಹೆಸರಿನಲ್ಲಿ ಶೋನೆನ್ ಇದೆ, ಆದರೆ ಆ್ಯಪ್ ತೆರೆಯುವವರಲ್ಲಿ ಗೂಢಚಾರನ ಕಷ್ಟ ಅರ್ಥವಾಗುವ ಅಪ್ಪಂದಿರೂ ಇದ್ದಾರೆ, ಅವನ ಸಾಕುಮಗಳು ಅನ್ಯಾಳ ಮುಖ ನೋಡಿ ನಗುವ ಮಕ್ಕಳೂ ಇದ್ದಾರೆ. ಪೋಸ್ಟ್‌ಕಾರ್ಡ್ ಕಾಲದಲ್ಲಿ ಅಂಗಡಿಯ ಯಾವ ಕಪಾಟಿಗೆ ಕೈ ಹಾಕುತ್ತೀರಿ ಅನ್ನುವುದೇ ನಿಮ್ಮನ್ನು ಗುಂಪಿಗೆ ಸೇರಿಸುತ್ತಿತ್ತು. ಆ್ಯಪ್‌ನಲ್ಲಿ ಕಪಾಟೇ ಇಲ್ಲ.

ಆದರೂ ಲೇಬಲ್‌ಗಳನ್ನು ಪೂರ್ತಿ ಬಿಸಾಡಿ ಅಂತ ನಾನು ಹೇಳುವುದಿಲ್ಲ. ಅವು ಇಲ್ಲದಿದ್ದರೆ ಶೋಜೋ ಅನ್ನುವ ಪರಂಪರೆಯೇ ಕಣ್ಣಿಂದ ಮರೆಯಾಗುತ್ತದೆ. ಹಾಗಿಯೊ, ಇಕೆದಾ ಕಟ್ಟಿದ್ದನ್ನು ಸುಮ್ನೆ 'ಡ್ರಾಮಾ' ಅಂತ ಕರೆದರೆ ಅವರ ಶ್ರಮ ಯಾರಿಗೂ ಕಾಣುವುದಿಲ್ಲ. ಒಂದು ಕಥೆ ಎಲ್ಲಿಂದ ಬಂತು ಅಂತ ತಿಳಿಯಲು ಲೇಬಲ್ ಬಳಸಿ. ನೋಡಬೇಕಾ ಬೇಡವಾ ಅಂತ ತೀರ್ಮಾನಿಸಲು ಬಳಸಬೇಡಿ.

ಒಂದು ಸರಣಿಯ ಲೇಬಲ್ ಪತ್ತೆ ಮಾಡೋದು ಹೇಗೆ?

ಮೊದಲು ಅದಕ್ಕೆ ಮೂಲ ಮಾಂಗಾ ಇದೆಯಾ ನೋಡಿ. ಇದ್ದರೆ ಯಾವ ಪತ್ರಿಕೆಯಲ್ಲಿ ಬಂತು ಅಂತ ಹುಡುಕಿ. ಹೆಸರಲ್ಲೇ ಶೋನೆನ್ ಅಂತಿದ್ದರೆ ಕೆಲಸ ಮುಗಿಯಿತು. ಹೆಸರಲ್ಲಿ 'ಯಂಗ್' ಇದ್ದರೆ ಬಹುತೇಕ ಸೇನೆನ್, ಆದರೆ ಫೀಲ್ ಯಂಗ್ ಜೋಸೇ, ಅದನ್ನು ನೆನಪಿಡಿ. ಮಾರ್ಗರೆಟ್, ರಿಬೊನ್, ನಕಾಯೋಶಿ, ಲಾಲಾ, ಹನಾ ತೊ ಯುಮೆ ಇವು ಶೋಜೋ. ಮೈಅನಿಮೆಲಿಸ್ಟ್‌ನಂಥ ತಾಣಗಳಲ್ಲಿ ಡೆಮೊಗ್ರಾಫಿಕ್ (ಯಾರಿಗಾಗಿ) ಅನ್ನುವ ಸಾಲು ಜಾನರ್‌ನಿಂದ (ಕಥೆಯ ಪ್ರಕಾರದಿಂದ) ಪ್ರತ್ಯೇಕವಾಗಿರುತ್ತದೆ, ಅದನ್ನು ನೋಡಿ. ಆ ಸಾಲೇ ಇಲ್ಲದಿದ್ದರೆ ಅದು ನೇರವಾಗಿ ಮಾಡಿದ ಅನಿಮೆಯೋ, ಕಾದಂಬರಿಯಿಂದ ಬಂದದ್ದೋ ಆಗಿರಬಹುದು. ಮಾಂಗಾದ ಮುದ್ರಿತ ಪುಸ್ತಕ ಕೈಯಲ್ಲಿದ್ದರೆ ಬೆನ್ನಿನ ಮೇಲೆ ಅಥವಾ ಒಳಪುಟದಲ್ಲಿ ಜಂಪ್ ಕಾಮಿಕ್ಸ್, ಮಾರ್ಗರೆಟ್ ಕಾಮಿಕ್ಸ್ ಅಂತ ಮಾಲಿಕೆಯ ಹೆಸರು ಇರುತ್ತದೆ.